ಉಸಿರು, ಆಟ, ಒತ್ತಡ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಜೊತೆಗೆ ಓಡುವವರು, ಸಂಜೆ ನನ್ನ ಹತ್ತಿರ ಕಬಡ್ಡಿ ಕಲಿಯಲು ಬರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಊರಿನಿಂದ ಫೋನ್ ಮಾಡುವ ಗೆಳೆಯರು. ಇವರೆಲ್ಲ ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ನಾನು ಡಾಕ್ಟರ್ ಅಲ್ಲ. ಆಡಿದವನು, ಈಗ ಆಡಿಸುವವನು. ಸುಲಭದ ಪ್ರಶ್ನೆಗಳು ಮೊದಲು ಇವೆ, ಕಷ್ಟದವು ಕೊನೆಗೆ.

## ಶುರು ಮಾಡುವವರಿಗೆ

ಉಸಿರಾಟ ತಾನಾಗೇ ನಡೆಯುತ್ತಲ್ವಾ? ಅದರಲ್ಲಿ ಕಲಿಯೋದೇನಿದೆ?

ತಾನಾಗೇ ನಡೆಯುತ್ತದೆ, ನಿಜ. ನಿಮಿಷಕ್ಕೆ 15 ಅಂತ ಹಿಡಿದರೆ ದಿನಕ್ಕೆ 21,600 ಸಲ. ಹಳೆಯ ಯೋಗದವರು ಹೇಳುವ ಲೆಕ್ಕವೂ ಇದೇ. ಎದೆಬಡಿತ, ಬೆವರು, ಜೀರ್ಣ ಇವೂ ತಾವಾಗೇ ನಡೆಯುತ್ತವೆ, ಆದರೆ ನಾವು ಹೇಳಿದ ಮಾತು ಕೇಳುವುದಿಲ್ಲ. ಉಸಿರು ಮಾತ್ರ ಬಿಟ್ಟರೆ ತನ್ನ ಪಾಡಿಗೆ ನಡೆಯುತ್ತದೆ, ಹಿಡಿದರೆ ನಮ್ಮ ಮಾತಿಗೆ ಬರುತ್ತದೆ. ಅದರ ಕೈ ಹಿಡಿದು ಎದೆಬಡಿತದ ತನಕ ಹೋಗಬಹುದು.

ನಂಬಿಕೆ ಬರದಿದ್ದರೆ ಈಗಲೇ ಮಣಿಕಟ್ಟಿನ ನಾಡಿ ಮುಟ್ಟಿ ನೋಡಿ. ಉಸಿರು ಎಳೆಯುವಾಗ ಬಡಿತ ಸ್ವಲ್ಪ ಚುರುಕಾಗುತ್ತದೆ. ನಿಧಾನಕ್ಕೆ ಬಿಡುವಾಗ ಸಡಿಲವಾಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ಎಂಬ ನರ ಮಾಡುವ ಕೆಲಸ ಇದು. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೊರಗೆ ಬಿಡುವ ಉಸಿರನ್ನು ಕಲಿಸುತ್ತೇನೆ. ಎಳೆಯುವುದನ್ನು ಯಾರೂ ಮರೆಯುವುದಿಲ್ಲ. ಪೂರ್ತಿ ಬಿಡುವುದನ್ನೇ ಮರೆಯುತ್ತೇವೆ.

ಜೋರಾಗಿ ಉಸಿರು ಎಳ್ಕೊಂಡ್ರೆ ಜಾಸ್ತಿ ಆಕ್ಸಿಜನ್ ಸಿಗಲ್ವಾ?

ಸಿಗುವುದಿಲ್ಲ. ಆರೋಗ್ಯವಾಗಿರುವವರ ರಕ್ತದಲ್ಲಿ ಆಕ್ಸಿಜನ್ ಮಟ್ಟ ಸುಮ್ನೆ ಕೂತಾಗಲೇ 95ರಿಂದ 100 ಪರ್ಸೆಂಟ್ ಇರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹುಯ್ದ ಹಾಗೆ. ಒಳಗೆ ಹೋಗುವ ಗಾಳಿಯಲ್ಲಿ 21 ಪರ್ಸೆಂಟ್ ಆಕ್ಸಿಜನ್ ಇದ್ದರೆ, ಹೊರಗೆ ಬರುವ ಗಾಳಿಯಲ್ಲೂ ಸುಮಾರು 16 ಪರ್ಸೆಂಟ್ ಉಳಿದೇ ಇರುತ್ತದೆ.

ಹಾಗಾದರೆ ಉಸಿರು ಕಟ್ಟಿದಾಗ ಅಷ್ಟು ಒದ್ದಾಟ ಯಾಕೆ? ಮಿದುಳು ಮುಖ್ಯವಾಗಿ ಅಳೆಯುವುದು ಇಂಗಾಲದ ಡೈಆಕ್ಸೈಡನ್ನು. ಅದು ಏರಿದರೆ "ಉಸಿರಾಡು, ಉಸಿರಾಡು" ಎಂದು ಗಂಟೆ ಹೊಡೆಯುತ್ತದೆ. ಸುಮ್ಮನೆ ಕೂತು ದಬದಬ ಉಸಿರಾಡಿದರೆ ಆ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ತಲೆ ಹಗುರ, ಬೆರಳ ತುದಿಯಲ್ಲಿ ಜುಮುಜುಮು. ಇಂಗಾಲದ ಡೈಆಕ್ಸೈಡ್ ಕಡಿಮೆಯಾದರೆ ರಕ್ತ ತನ್ನಲ್ಲಿರುವ ಆಕ್ಸಿಜನ್ನನ್ನು ಮಾಂಸಖಂಡಕ್ಕೆ ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಡೆನ್ಮಾರ್ಕಿನ ವಿಜ್ಞಾನಿ ಕ್ರಿಸ್ಟಿಯನ್ ಬೋರ್ 1904ರಲ್ಲೇ ಇದನ್ನು ತೋರಿಸಿದ್ದರು.

ಹೊಟ್ಟೆಯಿಂದ ಉಸಿರಾಡಿ ಅಂತಾರೆ. ಗಾಳಿ ಹೊಟ್ಟೆಗೆ ಹೋಗಲ್ವಲ್ಲ?

ಗಾಳಿ ಹೋಗುವುದು ಶ್ವಾಸಕೋಶಕ್ಕೇ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಬಾಗಿದ ಒಂದು ಮಾಂಸಖಂಡ ಇದೆ, ಅದರ ಹೆಸರು ವಪೆ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗುತ್ತದೆ, ಕೆಳಗಿದ್ದ ಹೊಟ್ಟೆ ಮುಂದಕ್ಕೆ ಬರುತ್ತದೆ. ಹೊಟ್ಟೆ ಉಬ್ಬುವುದು ವಪೆ ಕೆಲಸ ಮಾಡುತ್ತಿದೆ ಅನ್ನುವುದರ ಗುರುತು, ಅಷ್ಟೇ. ಮಲಗಿರುವ ಕೂಸನ್ನು ನೋಡಿ, ಭುಜ ಅಲ್ಲಾಡುವುದೇ ಇಲ್ಲ. ನಾವು ದೊಡ್ಡವರು ಹೆದರಿದಾಗ, ಅವಸರದಲ್ಲಿದ್ದಾಗ ಭುಜ ಎತ್ತಿ ಕುತ್ತಿಗೆಯಿಂದ ಎಳೆಯುತ್ತೇವೆ. ಆ ಚಿಕ್ಕ ಖಂಡಗಳು ಬೇಗ ಸುಸ್ತಾಗುತ್ತವೆ.

ನನಗೆ ದಿನಕ್ಕೆ ಐದೇ ನಿಮಿಷ ಇರೋದು. ಏನ್ ಮಾಡ್ಲಿ?

ಐದು ನಿಮಿಷ ಸಾಕು. ಕುರ್ಚಿಯ ಮೇಲೆ ಕೂರಿ. ಮೂಗಿನಿಂದ ನಾಲ್ಕು ಎಣಿಸುತ್ತಾ ಎಳೆಯಿರಿ, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಆರು ಉಸಿರಾಯಿತು. ಈ ವೇಗದ ಆಸುಪಾಸಿನಲ್ಲಿ ಎದೆಬಡಿತದ ಏರಿಳಿತ ಮತ್ತು ಉಸಿರಿನ ಏರಿಳಿತ ಒಂದೇ ತಾಳಕ್ಕೆ ಬರುತ್ತವೆ ಅಂತ ಬಹಳ ಅಧ್ಯಯನಗಳಲ್ಲಿ ಕಂಡಿದೆ. ಎಣಿಕೆ ಕಷ್ಟ ಅನಿಸಿದರೆ ಮೂರು–ಐದು ಮಾಡಿ. ಬಿಡುವುದು ಎಳೆಯುವುದಕ್ಕಿಂತ ಉದ್ದ ಇರಬೇಕು, ನಿಯಮ ಅಷ್ಟೇ.

ಅದಕ್ಕೂ ಸಮಯ ಇಲ್ಲದವರಿಗೆ ನಿಟ್ಟುಸಿರು ಇದೆ. ಮೂಗಿನಿಂದ ಪೂರ್ತಿ ಎಳೆದು, ಅದರ ಮೇಲೆ ಇನ್ನೊಂದು ಗುಟುಕು ಎಳೆದು, ಬಾಯಿಂದ ಉದ್ದಕ್ಕೆ ಬಿಡುವುದು. ಬಿಕ್ಕಿ ಬಿಕ್ಕಿ ಅತ್ತು ಸುಮ್ಮನಾದ ಮಗು ನಿದ್ದೆಗೆ ಜಾರುವಾಗ ತಾನಾಗೇ ಹೀಗೆ ಎರಡು ಸಲ ಎಳೆದು ಬಿಡುತ್ತದೆ, ನೋಡಿರುತ್ತೀರಿ. ನಮ್ಮ ಮನೆಯಲ್ಲಿ ಅಜ್ಜಿ "ಮುಸ್ಸಂಜೆ ಹೊತ್ತಲ್ಲಿ ನಿಟ್ಟುಸಿರು ಬಿಡಬೇಡ" ಎಂದು ಗದರುತ್ತಿದ್ದರು. ಈಗ ನಾನು ಬೇಕಂತಲೇ ಬಿಡಿ ಅನ್ನುತ್ತೇನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಿಂಗಳ ಕಾಲ ದಿನಕ್ಕೆ ಐದು ನಿಮಿಷ ಈ ರೀತಿ ಮಾಡಿದವರ ಮನಸ್ಸಿನ ಉಲ್ಲಾಸ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

## ಮೈದಾನದಲ್ಲಿ

ಓಡುವಾಗ ಮೂಗಲ್ಲಿ ಉಸಿರಾಡ್ಬೇಕಾ, ಬಾಯಲ್ಲಾ?

ನಿಧಾನದ ಓಟಕ್ಕೆ ಮೂಗು. ಜೋರು ಓಟಕ್ಕೆ ಎರಡೂ. ಇದರಲ್ಲಿ ಹಟ ಬೇಡ.

ಮೂಗು ಧೂಳು ಹಿಡಿಯುತ್ತದೆ, ಗಾಳಿಯನ್ನು ಬೆಚ್ಚಗೆ, ಒದ್ದೆ ಮಾಡಿ ಒಳಗೆ ಕಳಿಸುತ್ತದೆ. ಮೂಗಿನ ಸುತ್ತಲಿನ ಟೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ರಕ್ತನಾಳ ಸಡಿಲಿಸುವ ಅನಿಲ ಅದು. ಆದರೆ ಸುಮ್ನೆ ಕೂತಾಗ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿ ಸಾಕಾಗುವ ಮೈಗೆ, ಜೋರಾಗಿ ಓಡುವಾಗ 100 ಲೀಟರ್ ದಾಟಿ ಬೇಕಾಗಬಹುದು. ಅಷ್ಟು ಗಾಳಿಗೆ ಮೂಗಿನ ದಾರಿ ಕಿರಿದು.

ನಾನು ಮೂಗನ್ನು ವೇಗದ ಮೀಟರಿನ ಹಾಗೆ ಬಳಸುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲು 1,000ಕ್ಕೂ ಜಾಸ್ತಿ. ದೊಡ್ಡ ನಂದಿಯ ತನಕ ಬಾಯಿ ಮುಚ್ಚಿಕೊಂಡೇ ಹತ್ತಬೇಕು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಬಾಯಿ ತೆರೆಯಬೇಕು ಅನಿಸಿದರೆ ನಿಧಾನ ಮಾಡುತ್ತೇನೆ. ಮೊದಲ ತಿಂಗಳು ಅಜ್ಜಿಯರೆಲ್ಲ ನನ್ನನ್ನು ದಾಟಿ ಹೋದರು. ಮೂರನೇ ತಿಂಗಳ ಹೊತ್ತಿಗೆ ಅದೇ ಮೂಗಿನ ಉಸಿರಲ್ಲಿ ನಂದಿ ಬೇಗ ಸಿಗತೊಡಗಿತು.

ಮೊದಲನೇ ಕಿಲೋಮೀಟರಿಗೇ ಏದುಸಿರು. ನನ್ನ ಲಂಗ್ಸೇ ವೀಕಾ?

ಬಹುಪಾಲು ಸಲ ತಪ್ಪು ವೇಗದ್ದು. ಓಟ ಶುರುವಾದ ಮೇಲೆ ಆಕ್ಸಿಜನ್ ಬಳಸಿ ಶಕ್ತಿ ಕೊಡುವ ವ್ಯವಸ್ಥೆ ಪೂರ್ತಿ ಎಚ್ಚರವಾಗಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ನೀವು ಓಡಿಬಿಟ್ಟರೆ ಮೈ ಸಾಲ ಮಾಡುತ್ತದೆ, ಏದುಸಿರು ಆ ಸಾಲದ ಬಡ್ಡಿ. ಹತ್ತು ನಿಮಿಷ ಚುರುಕಾಗಿ ನಡೆದು ಆಮೇಲೆ ಓಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ವೇಗ ಇರಲಿ.

ನನ್ನ ಮೊದಲ ಹಾಫ್ ಮ್ಯಾರಥಾನಿನಲ್ಲಿ ಡೋಲು, ಮೈಕು, ಜನ ಎಲ್ಲ ಸೇರಿ ತಲೆ ತಿರುಗಿ, ಮೊದಲ 3 ಕಿಲೋಮೀಟರ್ ಹುಚ್ಚಾಗಿ ಓಡಿದ್ದೆ. ಎದೆ ಡವಗುಟ್ಟಿತು, ಇನ್ನು ಆಗುವುದಿಲ್ಲ ಎಂದು ಫುಟ್‌ಪಾತಿನ ಮೇಲೆ ಕೂತೇಬಿಟ್ಟೆ. ಒಬ್ಬ ಹಿರಿಯರು ನಿಂತು "ಊದು, ಒಲೆ ಊದಿದ ಹಾಗೆ ಊದು" ಎಂದರು. ಹತ್ತು ಸಲ ಊದಿದೆ. ಎದ್ದು ನಡೆದೆ, ಆಮೇಲೆ ಓಡಿದೆ, ಮುಗಿಸಿದೆ. ಅವರ ಹೆಸರು ಕೂಡ ಕೇಳಲಿಲ್ಲ.

ಓಡ್ತಾ ಓಡ್ತಾ ಪಕ್ಕೆ ಹಿಡ್ಕೊಳ್ಳುತ್ತೆ. ಯಾಕೆ?

ಒಂದೇ ಕಾರಣ ಅಂತ ಯಾರೂ ಖಚಿತ ಮಾಡಿಲ್ಲ. ಹೊಟ್ಟೆಯ ಒಳಪೊರೆ ಕೆರಳುವುದು ಒಂದು ವಿವರಣೆ. ಓಟಕ್ಕೆ ಸ್ವಲ್ಪ ಮುಂಚೆ ಹೊಟ್ಟೆ ತುಂಬ ತಿಂದವರಿಗೆ, ಸಿಹಿ ಜ್ಯೂಸ್ ಕುಡಿದವರಿಗೆ, ಚಿಕ್ಕ ವಯಸ್ಸಿನವರಿಗೆ ಜಾಸ್ತಿ. ವೇಗ ಇಳಿಸಿ, ನೋಯುವ ಜಾಗ ಬೆರಳಲ್ಲಿ ಒತ್ತಿ, ಸ್ವಲ್ಪ ಮುಂದಕ್ಕೆ ಬಾಗಿ, ಉದ್ದಕ್ಕೆ ಉಸಿರು ಬಿಡಿ. ಇಡ್ಲಿ ತಿಂದು ಎರಡು ಗಂಟೆ ಆದ ಮೇಲೆ ಓಡಿ.

ಈಜುವಾಗ ಎರಡು ಲ್ಯಾಪಿಗೇ ಉಸಿರು ಸಾಲಲ್ಲ. ಓಟದಲ್ಲಿ ಹೀಗಾಗಲ್ಲ.

ನೀರಿನೊಳಗೆ ಉಸಿರು ಹಿಡಿದುಕೊಂಡಿರುತ್ತೀರಿ. ತಲೆ ಎತ್ತಿದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡೂ ಆಗಬೇಕು ಅಂದರೆ ಯಾವುದೂ ಪೂರ್ತಿ ಆಗುವುದಿಲ್ಲ. ಮುಖ ನೀರಲ್ಲಿದ್ದಷ್ಟು ಹೊತ್ತೂ ಗುಳುಗುಳು ಎಂದು ಬಿಡುತ್ತಾ ಇರಿ. ತಲೆ ತಿರುಗಿಸಿದಾಗ ಎಳೆಯುವುದೊಂದೇ ಕೆಲಸ ಉಳಿಯುತ್ತದೆ.

ಒಂದು ಎಚ್ಚರಿಕೆ. ನಾನು ಹುಡುಗನಾಗಿದ್ದಾಗ ಹೋಗುತ್ತಿದ್ದ ಕೊಳದಲ್ಲಿ, ನೀರಿನಡಿ ಉದ್ದಕ್ಕೆ ಹೋಗುವ ಪಂದ್ಯಕ್ಕೆ ಮುಂಚೆ "ಇಪ್ಪತ್ತು ಸಲ ಜೋರಾಗಿ ಉಸಿರಾಡಿ" ಎಂದು ಹೇಳಿಕೊಡುತ್ತಿದ್ದರು. ಇದು ಜೀವ ತೆಗೆಯುವ ಪಾಠ. ದಬದಬ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಇಳಿದು, ಮಿದುಳಿನ ಗಂಟೆ ತಡವಾಗಿ ಹೊಡೆಯುತ್ತದೆ. ಗಂಟೆ ಹೊಡೆಯುವ ಮೊದಲೇ ಆಕ್ಸಿಜನ್ ಮುಗಿದು, ಸೂಚನೆಯೇ ಇಲ್ಲದೆ ಎಚ್ಚರ ತಪ್ಪುತ್ತದೆ. ಚೆನ್ನಾಗಿ ಈಜು ಬರುವವರೇ ಹೀಗೆ ಸಾಯುತ್ತಾರೆ. ಕೆರೆ, ಬಾವಿ, ಕೊಳ ಎಲ್ಲೇ ಆಗಲಿ, ನಿಮ್ಮ ಮಕ್ಕಳಿಗೆ ದಯವಿಟ್ಟು ಇದನ್ನು ಹೇಳಿ.

ಕಬಡ್ಡಿ ಆಡೋರಿಗೆ ಇದೆಲ್ಲ ಉಪಯೋಗ ಆಗುತ್ತಾ?

ಕಬಡ್ಡಿಯೇ ಉಸಿರಿನ ಆಟ! ದಾಳಿಗೆ 30 ಸೆಕೆಂಡ್. ಅಷ್ಟು ಹೊತ್ತೂ "ಕಬಡ್ಡಿ ಕಬಡ್ಡಿ" ಅನ್ನುವುದು ಒಂದೇ ಉಸಿರಲ್ಲಿ, ಸ್ಪಷ್ಟವಾಗಿ, ಕಡಿಯದೆ ನಡೆಯಬೇಕು. ಎದುರಿಗೆ ಏಳು ಜನ. ಅಂದರೆ ಜೀವ ಬಿಟ್ಟು ಓಡಾಡುತ್ತಾ 30 ಸೆಕೆಂಡ್ ಬರೀ ಹೊರಗೆ ಬಿಡುವ ಆಟ ಇದು. ಬೇರೆ ಯಾವ ಆಟದಲ್ಲೂ ಉಸಿರು ಹೀಗೆ ನಿಯಮದೊಳಗೇ ಕೂತಿರುವುದನ್ನು ನಾನು ಕಂಡಿಲ್ಲ.

ನನ್ನ ಹತ್ತಿರ ಬರುವ ಎಂಟನೇ ಕ್ಲಾಸಿನ ಹುಡುಗನೊಬ್ಬನ ದನಿ 17, 18 ಸೆಕೆಂಡಿಗೆ ಕಡಿಯುತ್ತಿತ್ತು. ಕಾಲು ಜಿಂಕೆಯ ಹಾಗೆ, ದನಿ ಮಾತ್ರ ಕೈಕೊಡುತ್ತಿತ್ತು. ಒಂದು ಸಂಜೆ ಅವನ ಕಾಲು ಬಿಟ್ಟು ಭುಜ ನೋಡಿದೆ. ಗೆರೆ ದಾಟುವ ಮುಂಚೆ ಎರಡೂ ಭುಜ ಕಿವಿಯ ತನಕ ಏರುತ್ತಿತ್ತು, ಎದೆ ಬಿರಿಯುವಷ್ಟು ಗಾಳಿ ತುಂಬುತ್ತಿದ್ದ. ಆಮೇಲೆ ಮೊದಲ ನಾಲ್ಕು "ಕಬಡ್ಡಿ"ಯನ್ನು ಕೂಗಿ ಅರ್ಧ ಗಾಳಿ ಖಾಲಿ ಮಾಡುತ್ತಿದ್ದ. ಮೊದಲು ಒಂದು ಉಸಿರು ಪೂರ್ತಿ ಬಿಡು, ಆಮೇಲೆ ಹೊಟ್ಟೆಯಿಂದ ಮುಕ್ಕಾಲು ತುಂಬು, ದನಿ ತೆಳ್ಳಗೆ, ಅಂಪೈರಿಗೆ ಕೇಳುವಷ್ಟು ಇರಲಿ ಎಂದೆ. ಮೂರು ವಾರ ಕೋರ್ಟಿನ ಸುತ್ತ ನಡೆಯುತ್ತಾ ದನಿ ಹಿಡಿಯುವುದೊಂದೇ ಅಭ್ಯಾಸ. ಆಮೇಲೆ ಜಾಗಿಂಗ್, ಆಮೇಲೆ ದಾಳಿ. ಈಗ 27 ಸೆಕೆಂಡಿನವರೆಗೆ ದನಿ ಅಲುಗುವುದಿಲ್ಲ.

ಎರಡು ದಾಳಿಗಳ ನಡುವೆ ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಿಂತರೆ ನಮ್ಮ ಕಾಲದಲ್ಲಿ ಬೈಯುತ್ತಿದ್ದರು. ಬಾಗಿ, ಪರವಾಗಿಲ್ಲ. 2019ರ ಒಂದು ಚಿಕ್ಕ ಅಧ್ಯಯನದಲ್ಲಿ ತಲೆ ಮೇಲೆ ಕೈಯಿಟ್ಟು ನಿಂತಾಗಿಗಿಂತ ಹೀಗೆ ಬಾಗಿದಾಗಲೇ ಎದೆಬಡಿತ ಬೇಗ ಇಳಿದಿತ್ತು.

## ಮನಸ್ಸಿನ ಲೆಕ್ಕ

ಪ್ರಾಕ್ಟೀಸಲ್ಲಿ ಚೆನ್ನಾಗಿ ಆಡ್ತೀನಿ, ಮ್ಯಾಚ್ ಬಂದ್ರೆ ಕೈ ನಡುಗುತ್ತೆ.

ನಡುಗುವುದು ತಪ್ಪಲ್ಲ, ಮೈ ಯುದ್ಧಕ್ಕೆ ಸಿದ್ಧವಾಗುತ್ತಿದೆ ಅಂತ ಅರ್ಥ. ಅದನ್ನು ಪೂರ್ತಿ ಇಲ್ಲವಾಗಿಸಲು ಹೋಗಬೇಡಿ, ಒಂದು ಗೇರ್ ಇಳಿಸಿದರೆ ಸಾಕು.

ರೈಫಲ್ ಶೂಟಿಂಗ್ ನೋಡಿ. 10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಎದೆಬಡಿತವೇ ಬಂದೂಕನ್ನು ಅಲ್ಲಾಡಿಸಬಲ್ಲದು. ಬೀಟಾ ಬ್ಲಾಕರ್ ಎಂಬ ಮಾತ್ರೆಗಳು ಬಡಿತ, ನಡುಕ ಎರಡನ್ನೂ ಇಳಿಸುತ್ತವೆ ಅನ್ನುವ ಕಾರಣಕ್ಕೇ ಶೂಟಿಂಗ್, ಆರ್ಚರಿಗಳಲ್ಲಿ ಅವನ್ನು ನಿಷೇಧಿಸಿದ್ದಾರೆ. ಉಸಿರನ್ನು ಯಾರೂ ನಿಷೇಧಿಸಿಲ್ಲ. ಶೂಟರ್‌ಗಳು ಉಸಿರು ಬಿಟ್ಟು, ಮುಂದಿನದನ್ನು ಎಳೆಯುವ ಮೊದಲು ಸಹಜವಾಗಿ ಸಿಗುವ ಪುಟ್ಟ ಬಿಡುವಿನಲ್ಲಿ ಬಂದೂಕಿನ ಟ್ರಿಗರ್ ಒತ್ತುತ್ತಾರೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಇದೇ ಆಟದಲ್ಲಿ.

ನಿಮಗೂ ಒಂದು ಪದ್ಧತಿ ಇರಲಿ. ಸರ್ವ್ ಮಾಡುವ ಮೊದಲು, ಪೆನಾಲ್ಟಿ ಹೊಡೆಯುವ ಮೊದಲು ಪ್ರತಿ ಸಲವೂ ಅದೇ: ಎರಡು ಉದ್ದ ಉಸಿರು ಬಿಡಿ, ಪಾದ ನೆಲ ಮುಟ್ಟಿರುವುದನ್ನು ಗಮನಿಸಿ, ಗುರಿ ನೋಡಿ, ಹೊಡೆಯಿರಿ. ಪ್ರಾಕ್ಟೀಸಿನಲ್ಲೂ ಬಿಡದೆ ಮಾಡಬೇಕು. ಮ್ಯಾಚಿನ ದಿನ ಹೊಸದಾಗಿ ಶುರು ಮಾಡಿದರೆ ಅದೇ ಇನ್ನೊಂದು ಗಾಬರಿ ಆಗುತ್ತದೆ.

ಧ್ಯಾನಕ್ಕೆ ಕೂತ್ರೆ ತಲೆ ತುಂಬಾ ಯೋಚನೆ. ನನ್ನ ಕೈಲಾಗಲ್ಲ ಬಿಡಿ.

ಯೋಚನೆ ಬರುವುದೇ ಇಲ್ಲಿ ತೂಕ ಎತ್ತುವ ಡಂಬೆಲ್. ಮನಸ್ಸು ಉಸಿರಿನಿಂದ ಜಾರಿತು, ಜಾರಿದ್ದು ಗೊತ್ತಾಯಿತು, ವಾಪಸ್ ತಂದಿರಿ. ಇದು ಒಂದು ಎಣಿಕೆ. ಐದು ನಿಮಿಷದಲ್ಲಿ ನಲವತ್ತು ಸಲ ಜಾರಿದರೆ ನಲವತ್ತು ಎಣಿಕೆ ಮಾಡಿದಿರಿ. ಆಟದಲ್ಲಿ ಬೇಕಾದದ್ದೂ ಇದೇ: ತಪ್ಪಿ ಹೋದ ಗಮನವನ್ನು ಬೇಗ ಗುರುತಿಸಿ ತರುವುದು.

ಕ್ರೀಡೆಗೆ ಇದನ್ನು ತಂದು ಬಹಳ ವರ್ಷಗಳಾದವು. ಅಮೆರಿಕದ ಜಾನ್ ಕಬಾಟ್ ಜಿನ್ 1979ರಲ್ಲಿ ಒತ್ತಡ ಇಳಿಸುವ ಎಂಟು ವಾರದ ತರಬೇತಿ ಶುರು ಮಾಡಿದರು. ಬೌದ್ಧ ಧ್ಯಾನ ಮತ್ತು ಯೋಗ ಅದರ ಮೂಲ. 1984ರ ಒಲಿಂಪಿಕ್ಸಿಗೆ ಹೋದ ಅಮೆರಿಕದ ರೋಯಿಂಗ್ ತಂಡಕ್ಕೂ ಅವರು ಕಲಿಸಿದ್ದರು. ಕೂರಲು ಇಷ್ಟ ಇಲ್ಲದಿದ್ದರೆ ನಡೆಯಿರಿ. ಕೆರೆ ಏರಿಯ ಮೇಲೆ ಇಯರ್‌ಫೋನ್ ಇಲ್ಲದೆ, ಹಿಮ್ಮಡಿ ನೆಲ ಮುಟ್ಟುವುದನ್ನು ಗಮನಿಸುತ್ತಾ ನೂರು ಹೆಜ್ಜೆ.

ಒಂದು ಕ್ಯಾಚ್ ಬಿಟ್ಟೆ. ಆಮೇಲೆ ಇಡೀ ಮ್ಯಾಚ್ ಅದೇ ತಲೇಲಿ.

ಮರೆಯಲು ಪ್ರಯತ್ನ ಪಟ್ಟಷ್ಟೂ ಅದು ಅಂಟಿಕೊಳ್ಳುತ್ತದೆ. ಮೊದಲು ಹೆಸರಿಡಿ: "ಬೇಜಾರಾಗಿದೆ." ಒಂದು ನಿಟ್ಟುಸಿರು ಬಿಡಿ. ಆಮೇಲೆ ಕೈಗೊಂದು ಕೆಲಸ ಕೊಡಿ, ಟೋಪಿ ತೆಗೆದು ಹಾಕಿಕೊಳ್ಳುವುದು, ಹುಲ್ಲು ಮುಟ್ಟುವುದು, ಏನಾದರೂ. ಕ್ರಿಕೆಟ್ಟಿನಲ್ಲಿ ಬಾಲ್ ಬಾಲ್ ನಡುವೆ ಅರ್ಧ ನಿಮಿಷ ಸಿಗುತ್ತದೆ. ದಿನವಿಡೀ ಗಮನ ಹಿಡಿದಿಡಲು ಯಾರಿಂದಲೂ ಆಗದು. ಬೌಲರ್ ಓಡಿ ಬರುವಾಗ ಹಿಡಿಯಿರಿ, ಬಾಲ್ ಸತ್ತ ಮೇಲೆ ಬಿಡಿ.

ರೇಸಿನ ಹಿಂದಿನ ರಾತ್ರಿ ನಿದ್ದೆನೇ ಬರಲ್ಲ.

ಒಂದು ರಾತ್ರಿ ನಿದ್ದೆ ಕೆಟ್ಟರೆ ಓಟ ಅಷ್ಟೇನೂ ಕೆಡುವುದಿಲ್ಲ, ಅದನ್ನು ಮೊದಲು ನಂಬಿ. ಆಮೇಲೆ ಭ್ರಾಮರಿ ಮಾಡಿ: ಬಾಯಿ ಮುಚ್ಚಿ, ದುಂಬಿಯ ಹಾಗೆ ಗುಂಯ್ ಎನ್ನುತ್ತಾ ಉಸಿರು ಬಿಡುವುದು. ಗುನುಗುತ್ತಾ ಬಿಟ್ಟಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಸಾಮಾನ್ಯ ಉಸಿರಿಗಿಂತ 15 ಪಟ್ಟು ಹೆಚ್ಚು ಅಂತ 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಡರು. ನನಗೆ ಅದಕ್ಕಿಂತ ದೊಡ್ಡ ಲಾಭ ಕಾಣುವುದು ಇಲ್ಲಿ: ಗುನುಗುವಾಗ ಉಸಿರು ತಾನಾಗೇ ಉದ್ದವಾಗುತ್ತದೆ, ಎಣಿಸುವ ಗೋಜಿಲ್ಲ.

## ಇನ್ನೂ ಮುಂದಕ್ಕೆ

ಕಪಾಲಭಾತಿ, ಭಸ್ತ್ರಿಕಾ ಮಾಡಿ ಓಟಕ್ಕೆ ಹೋಗ್ಬಹುದಾ?

ಅವು ಬೇಗ ಬೇಗ, ಜೋರಾಗಿ ಉಸಿರಾಡುವ ಪ್ರಾಣಾಯಾಮಗಳು. ಮೈಯನ್ನು ಎಬ್ಬಿಸುವ ಅಭ್ಯಾಸಗಳು, ತಣಿಸುವವಲ್ಲ. ಗಾಬರಿ ಸ್ವಭಾವದವರಿಗೆ ಸ್ಪರ್ಧೆಗೆ ಮುಂಚೆ ಬೇಡ ಅಂತಲೇ ನನ್ನ ಸಲಹೆ. ಆಲಸ್ಯ ಇರುವ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ವಲ್ಪ ಮಾಡಿ, ಉಸಿರು ಸಹಜಕ್ಕೆ ಬಂದ ಮೇಲೆ ಓಡಿ. ಗರ್ಭಿಣಿಯರು, ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದ್ರೋಗ, ಮೂರ್ಛೆರೋಗ, ಹರ್ನಿಯಾ ಇರುವವರು ಇವನ್ನು ಮಾಡಬಾರದು. ಯೂಟ್ಯೂಬ್ ನೋಡಿ ನೂರು, ಇನ್ನೂರು ಅಂತ ಏರಿಸುವುದಕ್ಕಿಂತ ಎದುರು ಕೂತು ತಿದ್ದುವ ಗುರು ಬೇಕು.

ಉಸಿರಿನ ಮಸಲ್‌ಗೆ ಅಂತ ಊದೋ ಸಾಧನ ಬರುತ್ತಲ್ಲ, ಅದು ಕೆಲಸ ಮಾಡುತ್ತಾ?

ಒಳ್ಳೆಯ ಸಾಧನಗಳು ಊದುವುದಕ್ಕಲ್ಲ, ಎಳೆಯುವುದಕ್ಕೆ ತಡೆ ಒಡ್ಡುತ್ತವೆ. ಸಾಮಾನ್ಯ ಪದ್ಧತಿ 30 ಉಸಿರು, ದಿನಕ್ಕೆ ಎರಡು ಸಲ, ಆರು ವಾರ. ತುಂಬ ಜೋರು ಶ್ರಮದಲ್ಲಿ ಉಸಿರಿನ ಖಂಡಗಳು ಸುಸ್ತಾದರೆ ಮೈ ಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಅವಕ್ಕೆ ಕೊಡುತ್ತದೆ. ಅವು ಗಟ್ಟಿಯಾದರೆ ಕಾಲಿಗೂ ಲಾಭ, ತರ್ಕ ಇಷ್ಟು. ರೋಯಿಂಗ್, ಸೈಕ್ಲಿಂಗ್ ಮಾಡುವವರಲ್ಲಿ ಸ್ವಲ್ಪ ಸುಧಾರಣೆ ಕಂಡಿದೆ. ವಾರಕ್ಕೆ ಎರಡು ದಿನ ಓಡುವವರು ಆ ದುಡ್ಡಿಗೆ ಒಳ್ಳೆ ಶೂ ತಗೊಳ್ಳಿ, ಮೂರನೇ ದಿನವೂ ಓಡಿ.

ನನ್ನ ವಾಚು ಎಚ್‌ಆರ್‌ವಿ ತೋರಿಸುತ್ತೆ. ಅದನ್ನ ಏನ್ ಮಾಡೋದು?

ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಡಿಮೆ ಆಗುತ್ತದೆ ಅನ್ನುವ ಲೆಕ್ಕ ಅದು. ಚೆನ್ನಾಗಿ ವಿಶ್ರಾಂತಿ ಸಿಕ್ಕ ಮೈಯಲ್ಲಿ ಸಾಮಾನ್ಯವಾಗಿ ಜಾಸ್ತಿ, ಜ್ವರ, ನಿದ್ದೆಗೇಡು, ಕುಡಿತ, ಅತಿ ತರಬೇತಿ ಇದ್ದಾಗ ಕಡಿಮೆ. ಗೆಳೆಯನ ಅಂಕಿಯ ಜೊತೆ ಹೋಲಿಸಬೇಡಿ, ವಯಸ್ಸಿಗೆ, ಮೈಗೆ ತಕ್ಕ ಹಾಗೆ ಬದಲಾಗುತ್ತದೆ. ನಿಮ್ಮದೇ ಎರಡು ಮೂರು ವಾರದ ಸರಾಸರಿ ನೋಡಿ. ಸತತ ಮೂರು ನಾಲ್ಕು ದಿನ ಅದಕ್ಕಿಂತ ಕೆಳಗಿದ್ದರೆ ಆ ವಾರ ಹಗುರವಾಗಿ ಓಡಿ.

ಇದು ಸಾಲಲ್ಲ, ಡಾಕ್ಟರ್ ಹತ್ರ ಹೋಗ್ಬೇಕು ಅಂತ ಹೇಗೆ ಗೊತ್ತಾಗುತ್ತೆ?

ಶ್ರಮ ಪಟ್ಟಾಗ ಎದೆ ಬಿಗಿದು ನೋವು ತೋಳಿಗೋ ದವಡೆಗೋ ಹರಿದರೆ, ಓಡುವಾಗ ಕಣ್ಣು ಕತ್ತಲಾಗಿ ಬಿದ್ದರೆ, ಸುಮ್ನೆ ಕೂತಾಗಲೂ ಉಸಿರು ಸಾಲದಿದ್ದರೆ ಅವತ್ತೇ ಹೋಗಿ. ಓಟ ನಿಲ್ಲಿಸಿದ ಮೇಲೆ ಕೆಮ್ಮು, ಎದೆಯಲ್ಲಿ ಸಿಳ್ಳೆ ಬರುತ್ತಿದ್ದರೆ ವ್ಯಾಯಾಮದಿಂದ ಬರುವ ಉಬ್ಬಸ ಇರಬಹುದು. ಅದಕ್ಕೆ ಇನ್‌ಹೇಲರ್ ಇದೆ, ಉಸಿರಾಟದ ಅಭ್ಯಾಸ ಅದರ ಬದಲಿ ಅಲ್ಲ.

ಕಣ್ಣು ಮುಚ್ಚಿ ಉಸಿರು ನೋಡಲು ಕೂತಾಗ ಕೆಲವರಿಗೆ ಹಳೆಯ ನೋವು, ಭಯ ಮೇಲೆದ್ದು ಬರುತ್ತದೆ. ಅಂಥವರು ಕಣ್ಣು ತೆರೆದುಕೊಂಡು, ನಡೆಯುತ್ತಾ ಮಾಡಿ, ಅಥವಾ ಸದ್ಯಕ್ಕೆ ಬಿಡಿ. ವಾರಗಟ್ಟಲೆ ನಿದ್ದೆ, ಊಟ, ಆಟ ಯಾವುದೂ ಬೇಡ ಅನಿಸುತ್ತಿದ್ದರೆ ಒಬ್ಬರೇ ಒದ್ದಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.